ಬೆಣ್ಣೆ ಕೊಟ್ರೇಶನ ಲಿವರು

ಸರಕು ನೋಡಿ ಹೇಳುವುದಾದರೆ ಕೊಟ್ರೇಶ್ ಒಳ್ಳೆಯ ಮಾಲು, ಪ್ಯಾಕಿಂಗ್ ಮಾತ್ರ ಸರಿಯಿಲ್ಲ. ಈ ಕಥೆಯ ಹೊತ್ತಿಗೆ ವಯಸ್ಸು ಮೂವತ್ತೊಂದು, ಎತ್ತರ ಐದಡಿ ಆರಂಗುಲ, ತೂಕ ಎಂಬತ್ತೆರಡು ಕಿಲೋ. ಈ ತೂಕವನ್ನು ಹರಿಹರದ ಹಿಂಡಿ ಅಂಗಡಿಯ ತಕ್ಕಡಿಯ ಮೇಲೆ, ಚಪ್ಪಲಿ ಬಿಡಿಸಿ, ಜೇಬಿನ ಬೀಗದ ಕೈ ತೆಗೆಸಿ ನೋಡಿದ್ದು; ಅನುಮಾನ ಬೇಡ. ಹಿಂದಿನಿಂದ ನೋಡಿದರೆ ಕಾಲೇಜು ಹುಡುಗ. ಕೈ ಸಣ್ಣ, ಕಾಲು ಸಣ್ಣ, ಕತ್ತಿನ ಮೂಳೆ ಎಣಿಸಬಹುದು. ಮುಂದೆ ಬಂದು ನಿಂತರೆ, ಲಾರಿಗೆ ಲೋಡು ಹಾಕಿದವನು ಎಲ್ಲ ಚೀಲಗಳನ್ನೂ ನಡುವೆಯೇ ಪೇರಿಸಿ ಕೈ ಒರೆಸಿಕೊಂಡು ಹೋಗಿಬಿಟ್ಟಿದ್ದಾನೆ ಅನ್ನಿಸುತ್ತದೆ. ಅಂಗಿಯ ನಾಲ್ಕನೆಯ ಗುಂಡಿ ವರ್ಷಕ್ಕೆ ಮೂರು ಸಲ ಹಾರುತ್ತಿತ್ತು. ಕೂತರೆ ಮೊಣಕಾಲು ಕುಣಿಯುತ್ತದೆ, ನಿಂತರೆ ಬೆರಳು ಏನನ್ನಾದರೂ ಕೆರೆಯುತ್ತಿರುತ್ತದೆ. ಊರಿಗೆ ಬೇಕಾದ ಭಾಗ ಅವನಲ್ಲಿ ಒಂದೇ, ನಾಲಿಗೆ.

ಆ ಹಿಂಡಿ ಅಂಗಡಿ ನನ್ನದು. ಕೊಟ್ರೇಶನ ಅಕ್ಕ ರೂಪಶ್ರೀ ನನ್ನ ಹೆಂಡತಿ. ಭಾಮೈದನನ್ನು ರೇಗಿಸುವ ಹಕ್ಕು ಮದುವೆಯ ದಿನವೇ ಕೈಗೆ ಬಂದದ್ದು, ಹದಿಮೂರು ವರ್ಷದಲ್ಲಿ ಅದನ್ನು ಒಂದು ಹಬ್ಬಕ್ಕೂ ಖಾಲಿ ಬಿಟ್ಟಿಲ್ಲ. ನಾನು ಮಾರುವ ಹಿಂಡಿಯನ್ನು ಎಮ್ಮೆ ತಿನ್ನುತ್ತದೆ, ಎಮ್ಮೆಯ ಬೆಣ್ಣೆಯನ್ನು ಅವನು ಕೊಳ್ಳುತ್ತಾನೆ, ಹಾಗಾಗಿ ಆ ಹೊಟ್ಟೆಯಲ್ಲಿ ನನ್ನದೂ ಪಾಲಿದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಅವನು ನಗುತ್ತಿದ್ದ. ನಕ್ಕಾಗ ಹೊಟ್ಟೆಯೂ ನಗುತ್ತಿತ್ತು.

ದಾವಣಗೆರೆಯಲ್ಲಿ ದೋಸೆ ಹೊಯ್ಯುವವರು ಬೀದಿಗೊಬ್ಬರು. ಅವರಿಗೆ ಬೆಳಗಾದರೆ ಬೆಣ್ಣೆ ಬೇಕು, ಕಡೆದು ಎರಡು ದಿನ ದಾಟಿರಬಾರದು, ಡಾಲ್ಡಾ ಬೆರೆತಿರಬಾರದು. ಕೊಟ್ರೇಶ್ ಅಂಥ ಒಂಬತ್ತು ಹೋಟೆಲಿಗೆ ಬೆಣ್ಣೆ ಕೊಡುತ್ತಾನೆ. ಬಾತಿಯಿಂದ, ಹರಿಹರದ ಸುತ್ತಲ ಹಳ್ಳಿಗಳಿಂದ ಹೆಂಗಸರು ಪಾತ್ರೆಯ ನೀರಿನಲ್ಲಿ ಉಂಡೆ ತೇಲಿಸಿಕೊಂಡು ತರುತ್ತಾರೆ. ಅವನು ಹೆಬ್ಬೆರಳಿನ ಉಗುರನ್ನು ಉಂಡೆಯ ನಡುವಿಗೆ ಇಳಿಸಿ ಒಂದು ತುಣುಕು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿ, ಕಣ್ಣು ಅರೆ ಮುಚ್ಚಿ, ನುಂಗುತ್ತಾನೆ. ಹುಳಿ ನಾಲಿಗೆಗೆ ಗೊತ್ತಾಗುತ್ತದೆ. ಕಮಟು ಮತ್ತು ಡಾಲ್ಡಾ ಗೊತ್ತಾಗುವುದು ನುಂಗಿದ ಮೇಲೆ ಗಂಟಲಿಗೆ. ಮುಂದಿನ ಪಾತ್ರೆಗೆ ಹೋಗುವ ಮುನ್ನ ಬಾಯಿ ಹಸನಾಗಲೆಂದು ಒಂದು ಚೂರು ಬೆಲ್ಲ, ನಾಲ್ಕು ಕಾಳು ಮಂಡಕ್ಕಿ. ನಂತರ ಮತ್ತೆ ಹೆಬ್ಬೆರಳು.

ಈ ವಿದ್ಯೆ ಅವನ ಅಪ್ಪ ಮುರುಗೇಶಪ್ಪನವರದು. ಅವರು ಪ್ರತಿ ಸೋಮವಾರ ಉಪವಾಸ ಇರುತ್ತಿದ್ದರು, ನೀರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಬೆಣ್ಣೆಯನ್ನು ಮಾತ್ರ ಎಂದಿನಂತೆ ನೋಡುತ್ತಿದ್ದರು. ರುಚಿ ನೋಡಿದ್ದು ತಿಂದ ಹಾಗಲ್ಲ, ಅದು ಕಸುಬು. ಹಾಗೆಂದು ಅವರು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ವ್ಯತ್ಯಾಸ ಇಷ್ಟೇ, ಅಪ್ಪ ಹಿಂದೆ ಡಬ್ಬಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ದಿನಕ್ಕೆ ಮೂವತ್ತು ಕಿಲೋಮೀಟರ್ ತುಳಿಯುತ್ತಿದ್ದರು. ಮಗ ಹಿದಾಯತ್ ಎಂಬುವನ ಗೂಡ್ಸ್ ಆಟೋದಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದ. ಅಪ್ಪ ಹೋದ ಮೇಲೆ ವ್ಯಾಪಾರ ದುಪ್ಪಟ್ಟಾಯಿತು, ನೋಡುವ ಪಾತ್ರೆಗಳೂ ದುಪ್ಪಟ್ಟಾದವು.

ಹೀಗಿರುವಾಗ ರೂಪಶ್ರೀಯ ಕಣ್ಣು ಹಳದಿಯಾಯಿತು. ಅವಳು ಕೊಟ್ರೇಶನ ತದ್ವಿರುದ್ಧ. ಅರ್ಧ ರೊಟ್ಟಿಗೆ ಹೊಟ್ಟೆ ತುಂಬಿತು ಎನ್ನುವ ಪೈಕಿ. ಮೈ ತನ್ನ ಲಿವರನ್ನೇ ಹಗೆಯೆಂದು ತಿಳಿದು ಕೊರೆದು ಹಾಕುವ ಕಾಯಿಲೆಯಂತೆ. ಎರಡು ವರ್ಷ ಮಾತ್ರೆಯ ಮೇಲೆ ಎಳೆದೆವು. ಆಮೇಲೆ ಬೆಂಗಳೂರಿನ ಡಾಕ್ಟರು ಬೇರೆ ಲಿವರು ಹಾಕದೆ ದಾರಿಯಿಲ್ಲ ಎಂದರು. ತೀರಿಹೋದವರ ಲಿವರಿಗೆ ಸರದಿ ಉದ್ದವಿತ್ತು. ಮನೆಯವರು ಯಾರಾದರೂ ತಮ್ಮದರಲ್ಲಿ ಒಂದು ಭಾಗ ಕೊಟ್ಟರೆ ಇಬ್ಬರಲ್ಲೂ ಅದು ಮತ್ತೆ ಬೆಳೆಯುತ್ತದೆ. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅತ್ತೆ ಕಸ್ತೂರಮ್ಮನವರ ವಯಸ್ಸು ಮೀರಿತ್ತು. ಉಳಿದವನು ಕೊಟ್ರೇಶ್, ಹೊಂದಿತು.

"ತಗಳ್ರಿ ಸಾರ್," ಎಂದ ಅವನು, ಡಾಕ್ಟರ ಮಾತು ಮುಗಿಯುವ ಮೊದಲೇ. ಕೈಚೀಲದಲ್ಲಿ ಇಟ್ಟುಕೊಂಡು ಬಂದವನ ಹಾಗೆ.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಮರುದಿನ ಅವನನ್ನೊಬ್ಬನನ್ನೇ ಕೂರಿಸಿಕೊಂಡು ಕೇಳಿದರು.

"ಕುಡಿತೀರಾ?"

"ಇಲ್ಲ ಸಾರ್. ಲಿಂಗ ಕಟ್ಟಿದೋರು ನಾವು."

"ಕುಡಿಯದೇ ಇರೋರಿಗೂ ಇದು ಬರುತ್ತೆ. ನಿಮ್ಮ ವಯಸ್ಸಿನ ಗಂಡಸರು ದಿನಾ ಬರ್ತಾರೆ. ನೋವಿರಲ್ಲ, ಜ್ವರ ಇರಲ್ಲ, ಅದಕ್ಕೇ ಗೊತ್ತಾಗಲ್ಲ. ನಿಮ್ಮ ಲಿವರಿನಲ್ಲಿ ನೂರಕ್ಕೆ ಇಪ್ಪತ್ತೆರಡು ಭಾಗ ಕೊಬ್ಬು. ಇದನ್ನ ಕೊಯ್ದರೆ ನಿಮ್ಮ ಅಕ್ಕನಿಗೂ ಕೆಟ್ಟ ತುಂಡು, ನಿಮಗೆ ಉಳಿಯೋದೂ ಕೆಟ್ಟ ತುಂಡು. ಹತ್ತರೊಳಗೆ ಇಳಿಸಿಕೊಂಡು ಬನ್ನಿ."

"ಎಷ್ಟು ದಿನದಾಗ?"

"ಹತ್ತು ವಾರ. ಅಲ್ಲಿವರೆಗೆ ಅವರನ್ನ ಔಷಧದ ಮೇಲೆ ನಿಲ್ಲಿಸಬಹುದು ಅನ್ಕೊಂಡಿದೀನಿ. ಅದರಾಚೆ ನಾನು ಮಾತು ಕೊಡಲ್ಲ."

ಕೊಟ್ರೇಶ್ ಹೊರಗೆ ಬಂದ. ಕಾರಿಡಾರಿನ ಕುರ್ಚಿಯಲ್ಲಿ ಅವನ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ, ಬೇರೆಯವರ ಸರಕಿನಲ್ಲಿ ಇಷ್ಟು ವರ್ಷ ಡಾಲ್ಡಾ ಹುಡುಕಿದವನು, ತನ್ನೊಳಗೇ ಬೆರಕೆ ಸಿಕ್ಕಿತೆಂದು ನಾಚಿಕೊಂಡು, ನೀರಿನ ಬಾಟಲಿಯ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡಿದನಂತೆ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ಕೊಟ್ರೇಶನ ಮನೆಯಲ್ಲಿ, ಸುದ್ದಿ ಬೇರೆಯೇ ಆಕಾರ ಪಡೆಯಿತು. ಲಿವರು ಕೆಟ್ಟಿದೆ ಅಂದರೆ ಕಸ್ತೂರಮ್ಮನವರ ಪ್ರಕಾರ ಕಾರಣ ಒಂದೇ.

"ಬಾ ಇಲ್ಲಿ. ಬಾಯಿ ತೆಗಿ."

"ಯಾಕವ್ವಾ?"

"ತೆಗಿ ಅಂದ್ರೆ ತೆಗಿ." ಮಗನ ದವಡೆ ಹಿಡಿದು ಮೂಸಿದರು. "ಬೆಣ್ಣಿ ವಾಸನಿ."

"ಮತ್ತೇನಿರ್ತೈತೆ?"

"ಹಂಗಾದ್ರೆ ಆ ಡಾಕ್ಟ್ರಿಗೆ ತಿಳಿಯಂಗಿಲ್ಲ ಬಿಡು," ಎಂದು ಅವರು ಒಳಗೆ ಹೋದರು. ಕಾಯಿಲೆಯ ಮೂಲವನ್ನು ಮೂಗಿನಿಂದಲೇ ಹಿಡಿದು, ಕೈಯಿಂದ ಬಿಟ್ಟುಬಿಟ್ಟರು.

ಕೊಟ್ರೇಶನ ಹೆಂಡತಿ ರಶ್ಮಿತಾ ಖಾಸಗಿ ಶಾಲೆಯಲ್ಲಿ ಗಣಿತ ಹೇಳುವವಳು. ಆಸ್ಪತ್ರೆಯ ಪಥ್ಯದ ಮೇಡಂ ಹೇಳಿದ್ದಂತೆ ಬಾಯಿಗೆ ಹೋಗುವುದನ್ನೆಲ್ಲ ಬರೆಯಲು ಒಂದು ನೋಟ್‌ಬುಕ್ ಇಟ್ಟಳು. ಬೆಳಿಗ್ಗೆ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ. ಮಧ್ಯಾಹ್ನ ಎರಡು. ಸಂಜೆ ನೀರುಮಜ್ಜಿಗೆ. ಚಹಕ್ಕೆ ಸಕ್ಕರೆ ಇಲ್ಲ, ಮಿರ್ಚಿ ಇಲ್ಲ, ದೋಸೆಯ ಹೆಸರೇ ಇಲ್ಲ. ಒಂಬತ್ತು ಹೋಟೆಲಿಗೆ ಬೆಣ್ಣೆ ಹಾಕಿ, ಒಂಬತ್ತು ಹೆಂಚಿನ ಹೊಗೆ ಕುಡಿದು, ಬರಿ ಹೊಟ್ಟೆಯಲ್ಲಿ ಹೊರಗೆ ಬರುತ್ತಿದ್ದ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಡಾವಣೆಯ ರಸ್ತೆಗಳನ್ನು ಸುತ್ತುತ್ತಿದ್ದ, ಪಾರ್ಕಿನ ಬೆಂಚಿನ ಮೇಲಿನ ನಿವೃತ್ತರು, "ಯಾರು ಅಟ್ಟಿಸಿಕಂಡು ಬರ್ತಾರ ಮಾರಾಯಾ?" ಎಂದು ಕೇಳುವಷ್ಟು ಜೋರಾಗಿ. ಮನೆಯಲ್ಲೂ ಕೂರಲಿಲ್ಲ. ಟಿ.ವಿ. ಮುಂದೆ ನಿಂತೇ ನೋಡುವನು, ಫೋನು ಬಂದರೆ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಲೇ ಮಾತಾಡುವನು.

ದಿನಕ್ಕೆರಡು ಸಲ ಅಕ್ಕನಿಗೆ ಫೋನು.

"ಏನು ತಿಂದ್ಯೋ ಇವತ್ತು?" ಎನ್ನುವಳು ರೂಪಶ್ರೀ, ಮಂಚದ ಮೇಲಿಂದ.

"ಸೊಪ್ಪು."

"ನಿನ್ನೆ?"

"ಅದೇ ಸೊಪ್ಪಿನ ತಮ್ಮ."

"ನಾನು ಉಪ್ಪಿಲ್ಲದ ಗಂಜಿ, ನೀನು ಸೊಪ್ಪು. ನಮ್ಮಿಬ್ರನ್ನೂ ಸಾಕೋದು ಸಸ್ತಾ ಆತು ನೋಡು."

ಅವಳು ನಗುತ್ತಿದ್ದಳು. ಫೋನಿಟ್ಟ ಮೇಲೆ ಉಸಿರು ಸುಧಾರಿಸಿಕೊಳ್ಳಲು ಎರಡು ನಿಮಿಷ ಬೇಕಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಐದನೆಯ ವಾರ ಮತ್ತೆ ಸ್ಕ್ಯಾನ್ ಆಯಿತು. ತೂಕ ಮೂರು ಕಿಲೋ ಇಳಿದಿತ್ತು. ಕೊಬ್ಬು ಇಪ್ಪತ್ತೆರಡರಿಂದ ಇಪ್ಪತ್ತಕ್ಕೆ ಬಂದಿತ್ತು, ಅಷ್ಟೇ. ಪಥ್ಯದ ಮೇಡಂ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮುಚ್ಚಿ, ಮೇಜಿನ ಮೇಲಿಟ್ಟರು.

"ಇದರಲ್ಲಿ ಬರೆದಿರೋದಷ್ಟೇ ತಿಂದಿದ್ರೆ ಇದರ ಎರಡರಷ್ಟು ಇಳೀಬೇಕಿತ್ತು. ಎಲ್ಲೋ ತಿಂತಾ ಇದೀರಿ."

"ಇಲ್ಲ ಮೇಡಂ."

"ಯೋಚನೆ ಮಾಡಿ."

ರಶ್ಮಿತಾ ಮನೆಗೆ ಬಂದು, "ನಾನೇನೂ ಅನ್ನಂಗಿಲ್ಲ, ಆದ್ರೆ ನಂಗಾದ್ರೂ ಹೇಳ್ರಿ," ಎಂದಳು. ಅವನು ಲಿಂಗ ಮುಟ್ಟಿ ಆಣೆ ಮಾಡಿದ. ಅವಳು ತಲೆಯಾಡಿಸಿದಳು. ಗಣಿತದವರ ತಲೆಯಾಟ ಅದು, ಮೊತ್ತ ತಾಳೆಯಾಗದಿದ್ದಾಗಿನದು.

ಆ ದಿನ ರೂಪಶ್ರೀಯ ಹೊಟ್ಟೆಯಲ್ಲಿ ನೀರು ತುಂಬಿ, ಹೊರಗೆ ತೆಗೆಸಿಕೊಂಡು ಬಂದಿದ್ದೆವು. ಸ್ಕ್ಯಾನಿನ ಸುದ್ದಿ ಕೇಳಿದ ನಾನು ಫೋನು ಮಾಡಿದೆ. ರೇಗಿಸುವ ದನಿಯಲ್ಲಿ ಶುರು ಮಾಡಿದ್ದೆ, ಅದೇ ದನಿಯಲ್ಲಿ ಮುಗಿಯಲಿಲ್ಲ.

"ಒಂದು ದೋಸಿ ಬಿಡಾಕ ಆಗಲಿಲ್ಲೇನೋ ನಿನಗ? ನಿನ್ನ ಅಕ್ಕ ಸಾಯ್ತಾ ಇದಾಳ, ನೀನು ಕದ್ದು ತಿಂತೀಯ."

ಅವನು, "ಆತು ಭಾವ," ಎಂದು ಫೋನಿಟ್ಟ.

ಮರುದಿನ ಹರಿಹರದ ಸಂತೆ. ಹಿದಾಯತ್ ಆಟೋ ನಿಲ್ಲಿಸಿ, ಡಬ್ಬಿಗಳನ್ನು ಇಳಿಸಿ, ಹೆಂಗಸರ ಸಾಲು ಶುರುವಾಗಿ ಒಂದು ಗಂಟೆಯಾಗಿತ್ತು. ಕೊಟ್ರೇಶ್ ಹೆಬ್ಬೆರಳು ಇಳಿಸುತ್ತಿದ್ದ, ನುಂಗುತ್ತಿದ್ದ, ದರ ಹೇಳುತ್ತಿದ್ದ, ನಡುನಡುವೆ ಹಿದಾಯತ್ ಕಡೆ ತಿರುಗಿ ತನ್ನ ಸಂಕಟ ಹೇಳಿಕೊಳ್ಳುತ್ತಿದ್ದ. ಮನೆಯವರೆಲ್ಲ ಕಳ್ಳನೆಂದರು, ಭಾವನಂತೂ ಹೀಗಂದ.

"ನಿನ್ನ ಮುಂದೆ ಹೇಳ್ತೀನಿ ಹಿದಾಯತ್. ಬೆಳಿಗ್ಗಿ ಒಂದು ರೊಟ್ಟಿ ತಿಂದು ಬಂದಿದೀನಿ. ಆಮ್ಯಾಲೆ ನನ್ನ ಬಾಯಿಗೆ ಒಂದು ಕಾಳು ಬಿದ್ದಿಲ್ಲ," ಎಂದು ಹೇಳಿ ಮುಂದಿನ ಪಾತ್ರೆಯ ತುಣುಕನ್ನು ನುಂಗಿದ.

ಹಿದಾಯತ್ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದವನು ಕೈ ನಿಲ್ಲಿಸಿದ.

"ಅಣ್ಣಾರ, ಈಗ ಏನು ನುಂಗಿದ್ರಿ?"

"ಯಾವಾಗ?"

"ಈಗ. ನನ್ನ ಮುಂದೆ."

"ಅದಾ? ಅದು ಬೆಣ್ಣಿ ನೋಡಿದ್ದು."

"ನೋಡಾದು ಕಣ್ಣಾಗಲ್ಲೇನ್ರಿ? ನುಂಗಿದ್ರಿ ನೀವು." ಹಿದಾಯತ್‌ಗೆ ನಗು ಬಂದರೂ ಅವನ ಮುಖ ನೋಡಿ ತಡೆದುಕೊಂಡ. "ನಾವು ರೋಜಾ ಉಪವಾಸದಾಗ ಉಗುಳು ಜಾಸ್ತಿ ಆದ್ರೆ ನುಂಗಾದೋ ಬ್ಯಾಡೋ ಅಂತ ಯೋಚನೆ ಮಾಡ್ತೀವಿ. ನೀವು ಒಂದು ತಾಸಿನಾಗ ಇಪ್ಪತ್ತು ಸಲ ಬೆಣ್ಣಿ ನುಂಗಿ, ಮ್ಯಾಲೆ ಬೆಲ್ಲ ಚೀಪಿ, ಬಾಯಿಗೆ ಕಾಳು ಬಿದ್ದಿಲ್ಲ ಅಂತೀರಿ."

ಕೊಟ್ರೇಶ್ ಹೆಬ್ಬೆರಳನ್ನು ನೋಡಿಕೊಂಡ.

ಉಳಿದ ಪಾತ್ರೆಗಳಿಗೆ ಅವರು ಒಂದು ಉಪಾಯ ಮಾಡಿದರು. ಪ್ರತಿ ಸಲವೂ ನುಂಗುವ ತುಣುಕಿನಷ್ಟೇ ದೊಡ್ಡದನ್ನು ಮತ್ತೊಂದು ಕೆರೆದು ಮುತ್ತುಗದ ಎಲೆಯ ಮೇಲೆ ಹಚ್ಚುತ್ತ ಹೋದರು. ಬೆಲ್ಲಕ್ಕೂ ಹಾಗೆಯೇ. ಇಪ್ಪತ್ತು ಪಾತ್ರೆ ಮುಗಿದ ಮೇಲೆ ಎಲೆಯನ್ನು ತಕ್ಕಡಿಗೆ ಇಟ್ಟರು. ಬೆಣ್ಣೆ ತೊಂಬತ್ತು ಗ್ರಾಂ, ಬೆಲ್ಲ ನಲವತ್ತು. ದಿನವೊಂದಕ್ಕೆ ನಲವತ್ತು ಪಾತ್ರೆ ಎಂದು ಹಿಡಿದರೆ ಇದರ ಎರಡು ಪಟ್ಟು. ಮಂಡಕ್ಕಿಯನ್ನು ಅವರು ಹಿಡಿಯಲೇ ಇಲ್ಲ, ಧೈರ್ಯ ಸಾಲಲಿಲ್ಲ.

ಕೊಟ್ರೇಶ್ ಆಟೋದ ಹಿಂದಿನ ಹಲಗೆಯ ಮೇಲೆ ಕೂತ. ಹತ್ತೊಂಬತ್ತನೆಯ ವಯಸ್ಸಿನಿಂದ ಇದೇ ಕೆಲಸ. ಅವನ ಮೊಣಕಾಲು ಅವತ್ತು ಕುಣಿಯಲಿಲ್ಲವಂತೆ. ಹಿದಾಯತ್ ಅದನ್ನು ನೋಡಿ ಹೆದರಿದನಂತೆ.

"ಮೊದ್ಲೇ ಯಾಕ ಹೇಳ್ಲಿಲ್ಲ ಮಾರಾಯಾ?"

"ನೀವು ತಿಂತಾ ಇದೀರಿ ಅಂತ ನಂಗೂ ಅನ್ನಿಸಿರ್ಲಿಲ್ಲ ಅಣ್ಣಾರ. ಕಸುಬು ಅಂದ್ಕಂಡಿದ್ದೆ."

"ಈಗ ಏನ್ಮಾಡ್ಲಿ? ನುಂಗದೇ ಬೆಣ್ಣಿ ಕೊಳ್ಳಾಕಾಗಲ್ಲ."

"ಬಿಲ್ಕೀಸ್ ಮಾಡ್ದಂಗೆ ಮಾಡ್ರಿ," ಎಂದ ಹಿದಾಯತ್. ಬಿಲ್ಕೀಸ್ ಅವನ ಹೆಂಡತಿ. "ರಂಜಾನಿನಾಗ ಸಂಜಿಗೆ ಸಾರು ಮಾಡ್ಬೇಕಲ್ಲ, ಉಪ್ಪು ನೋಡ್ಬೇಕು. ನಾಲಿಗಿ ತುದಿಗೆ ಇಡ್ತಾಳ, ಉಗುಳಿ ಬಾಯಿ ತೊಳ್ಕಂತಾಳ. ಒಂದು ಹನಿ ಒಳಗ ಬಿಡಂಗಿಲ್ಲ. ಮೂವತ್ತು ದಿನ ಉಪ್ಪು ಒಂದು ಸಲಾನೂ ತಪ್ಪಲ್ಲ."

ಆ ಸಂಜೆ ರಶ್ಮಿತಾಳ ನೋಟ್‌ಬುಕ್ಕಿನಲ್ಲಿ ಹೊಸ ಸಾಲು ಬಂತು. ಅವಳು ಗುಣಿಸಿ ನೋಡಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಉಳಿದಿದ್ದು ಐದು ವಾರ.

ಮೊದಲ ಉಗುಳು ಬಾತಿಯಲ್ಲಿ ಬಿತ್ತು, ಬೀಳಬಾರದ ಜಾಗದಲ್ಲಿ. ಚೌಡವ್ವ ಎಂಬ ಹೆಂಗಸು ಅಲ್ಲಿ ಬೆಣ್ಣೆಯವರಿಗೆಲ್ಲ ಹಿರಿಯಳು. ಎರಡು ಎಮ್ಮೆ, ಕಡ್ಡಿಯಂಥ ಮೈ, ಮುರುಗೇಶಪ್ಪನವರ ಕಾಲದಿಂದ ಇವರಿಗೇ ಬೆಣ್ಣೆ ಹಾಕುವವಳು. ಕೊಟ್ರೇಶ್ ಅವಳ ಉಂಡೆಯಿಂದ ಕೆರೆದು ಬಾಯಿಗಿಟ್ಟು, ಅಂಗುಳಕ್ಕೆ ಒತ್ತಿ, ಪಕ್ಕಕ್ಕೆ ತಿರುಗಿ ರಸ್ತೆಯ ಧೂಳಿಗೆ ಉಗುಳಿದ.

ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

"ಏನಾತು?" ಎಂದಳು ಚೌಡವ್ವ.

"ಏನಿಲ್ಲವ್ವಾ, ಚಲೋ ಐತೆ."

"ಚಲೋ ಐತೆ ಅಂತ ಉಗುಳ್ತಿಯೇನು? ನಿಮ್ಮಪ್ಪ ಇಪ್ಪತ್ತು ವರ್ಷ ನುಂಗಿದಾನ ನನ್ನ ಬೆಣ್ಣಿ. ಲಕ್ಷ್ಮಿ ಅಂತ ಕಣ್ಣಿಗೊತ್ತಿಕಂಡು ಕಡಿತೀನಿ, ನೀನು ಮಣ್ಣಿಗೆ ಉಗುಳ್ತೀಯ."

"ಹಂಗಲ್ಲ ಚೌಡವ್ವಾ..."

"ಹೆಂಗೆ ಮತ್ತೆ? ಹೇಳು."

ಲಿವರು ಎಂಬ ಮಾತು ಬಾಯಿಂದ ಬಿದ್ದರೆ ಸಾಲಿಗೆ ಸಾಲೇ ಇವನು ಕುಡುಕನೆಂದು ತೀರ್ಮಾನಿಸುತ್ತದೆ. ಹೆತ್ತವ್ವನೇ ಬಾಯಿ ಮೂಸಿದ್ದಳು. ಅವನು ಅಂಗಿಯ ಗುಂಡಿ ತಿರುವುತ್ತ ನಿಂತ. ಚೌಡವ್ವ ಪಾತ್ರೆಗೆ ಸೆರಗು ಮುಚ್ಚಿಕೊಂಡು ಎದ್ದಳು. ಅವಳ ಹಿಂದೆ ಇನ್ನೂ ಆರು ಪಾತ್ರೆ ಎದ್ದವು.

ಮೂರು ದಿನದಲ್ಲಿ ಸುದ್ದಿ ಹರಿಹರ ಮುಟ್ಟಿತು. ಕೊಟ್ರೇಶ ಹೆಂಗಸರ ಬೆಣ್ಣೆ ಉಗುಳುತ್ತಾನಂತೆ, ದೊಡ್ಡ ಸಾವ್ಕಾರನಾದನಂತೆ. ನಲವತ್ತು ಪಾತ್ರೆ ಹದಿನೆಂಟಕ್ಕೆ ಇಳಿಯಿತು. ಉಳಿದವರ ಬೆಣ್ಣೆಯಲ್ಲೂ ತೊಂದರೆ; ಗಂಟಲಿಗೆ ಇಳಿಸದೆ ಡಾಲ್ಡಾ ಗೊತ್ತಾಗದೆ ಎರಡು ಡಬ್ಬಿ ಹೋಟೆಲಿನಿಂದ ವಾಪಸು ಬಂದವು. "ನಾಲಿಗಿಗೆ ವಯಸ್ಸಾತೇನು?" ಎಂದು ಕಳಿಸಿದ್ದರು. ಆಪರೇಷನ್ ಆದರೆ ಮೂರು ತಿಂಗಳು ಅವನು ಭಾರ ಎತ್ತುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ಅಷ್ಟು ದಿನ ಹೆಂಗಸರು ಕಾಯಬೇಕಾದರೆ ಈಗ ಅವರು ಕೈಯಲ್ಲಿರಬೇಕಿತ್ತು. ನುಂಗಿದರೆ ಅಕ್ಕ ಹೋಗುತ್ತಾಳೆ, ಉಗುಳಿದರೆ ಅಪ್ಪ ಕಟ್ಟಿದ್ದು ಹೋಗುತ್ತದೆ. ಅವನು ಬೆಳಿಗ್ಗೆ ಎರಡು ಗಂಟೆ ನಡೆದ, ಸಂಜೆ ಎರಡು ಗಂಟೆ ನಡೆದ. ಬೆಂಚಿನವರು ಕೇಳುವುದನ್ನು ಬಿಟ್ಟರು. ಅವನ ಮುಖದಲ್ಲಿ ತಮಾಷೆಗೆ ಜಾಗ ಉಳಿದಿರಲಿಲ್ಲ.

"ಹೋಗಿ ಇದ್ದದ್ದು ಇದ್ದಂಗ ಹೇಳ್ರಿ," ಎಂದಳು ರಶ್ಮಿತಾ. "ಕುಡುಕ ಅಂದ್ರೆ ಅನ್ನಲಿ. ಅನ್ನಿಸಿಕಂಡು ಬರ್ರಿ."

ಬಾತಿಗೆ ನಡೆದೇ ಹೋದ. ಚೌಡವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೂಡು ಎನ್ನಲಿಲ್ಲ. ಅವನು ನಿಂತೇ ಹೇಳಿದ.

"ಲಿವರಾ? ಕುಡಿತೀಯೇನೋ?" ಎಂಬಲ್ಲಿಂದಲೇ ಅವಳೂ ಶುರು ಮಾಡಿದಳು. ಅವನು ಅಕ್ಕನ ಕಣ್ಣಿನ ಹಳದಿಯಿಂದ ಹಿಡಿದು ಎಲೆಯ ಮೇಲಿನ ತೊಂಬತ್ತು ಗ್ರಾಮಿನವರೆಗೆ ಹೇಳಿದ. ಹೇಳುತ್ತ ಹೇಳುತ್ತ ಎಮ್ಮೆಯ ಗೂಟದ ಹಗ್ಗವನ್ನು ಬಿಚ್ಚಿ ಕಟ್ಟಿ ಬಿಚ್ಚಿ ಮಾಡುತ್ತಿದ್ದ. ಚೌಡವ್ವ ಹಗ್ಗವನ್ನು ಅವನ ಕೈಯಿಂದ ತೆಗೆದುಕೊಂಡಳು.

"ಅಕ್ಕಗೆ ಕೊಯ್ದು ಕೊಡ್ತಿಯಾ?"

"ಹೂಂ. ಅರ್ಧಕ್ಕಿಂತ ಜಾಸ್ತಿ. ಮತ್ತೆ ಬೆಳಿತೈತಂತೆ."

"ಬೆಳಿತೈತಾ? ನುಗ್ಗಿ ಗಿಡದಂಗೆ?"

"ಹಂಗೇ ಅಂತವ್ವಾ."

ಅವಳು ಸ್ವಲ್ಪ ಹೊತ್ತು ಅವನ ಹೊಟ್ಟೆಯನ್ನೇ ನೋಡಿದಳು, ದನದ ಸಂತೆಯಲ್ಲಿ ನೋಡುವ ಹಾಗೆ.

"ಇದನ್ನ ಅವತ್ತೇ ಹೇಳಾಕ ಏನಾಗಿತ್ತು ನಿಂಗ? ಉಗುಳಿದ್ದು ತಪ್ಪಲ್ಲ, ಮಣ್ಣಿಗೆ ಉಗುಳಿದ್ದು ತಪ್ಪು. ಎಲಿ ಮ್ಯಾಲೆ ಉಗುಳು, ನನ್ನ ನಾಯಿಗೆ ಹಾಕ್ತೀನಿ. ಒಂದು ಜೀವಕ್ಕ ಬಿತ್ತು ಅಂದ್ರೆ ಯಾರೂ ಅನ್ನಂಗಿಲ್ಲ."

"ಗಂಟಲಿಗೆ ಇಳಿಸದೇ ಡಾಲ್ಡಾ ತಿಳಿಯಂಗಿಲ್ಲವ್ವಾ."

"ನನಗೇನು ಗಂಟಲಿಲ್ಲೇನು? ಅನುಮಾನ ಬಂದದ್ದು ನನಗೆ ಕೊಡು."

ಮಾರುವವಳನ್ನೇ ಪರೀಕ್ಷೆಗೆ ಕೂರಿಸಿಕೊಳ್ಳುವುದು ವ್ಯಾಪಾರದಲ್ಲಿ ಹುಚ್ಚುತನ. ನಾನಾಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಕೊಟ್ರೇಶ್ ಮಾಡಿದ, ಬೇರೆ ದಾರಿ ಇರಲಿಲ್ಲ. ಅಲ್ಲಿಂದ ಮೂರು ವಾರ ಚೌಡವ್ವ ಹಿದಾಯತ್‌ನ ಆಟೋದಲ್ಲಿ ಹಿಂದೆ ಡಬ್ಬಿಗಳ ನಡುವೆ ಕೂತು ಹರಿಹರಕ್ಕೂ ಬಂದಳು. ಮೊದಲ ದಿನವೇ ತನ್ನ ಸ್ವಂತ ನಾದಿನಿಯ ಪಾತ್ರೆಯನ್ನು, "ನಾಲ್ಕು ದಿನದ್ದು, ಒಯ್ಯಿ," ಎಂದು ವಾಪಸು ತ‌ಳ್ಳಿದಳು. ಅದಾದ ಮೇಲೆ ಅವಳ ಗಂಟಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅಕ್ಕನಿಗಾಗಿ ಉಗುಳುತ್ತಾನೆ ಎಂಬುದು ಊರೂರಿಗೆ ಮುಟ್ಟಿ, ಎದ್ದು ಹೋದ ಪಾತ್ರೆಗಳು ಒಂದೊಂದಾಗಿ ಬಂದು ಕೂತವು. ಚೌಡವ್ವನ ನಾಯಿ ಮಾತ್ರ ಅಷ್ಟರಲ್ಲೇ ಬೊಗಳಲೂ ಏಳದಷ್ಟು ದುಂಡಗಾಯಿತು. ಅದನ್ನು ನೋಡಿ ಕೊಟ್ರೇಶ್ ಮೊದಲ ಬಾರಿಗೆ ತನ್ನೊಳಗೆ ಏನು ನಡೆದಿತ್ತು ಎಂಬುದನ್ನು ಕಣ್ಣಾರೆ ಕಂಡ.

ಒಂಬತ್ತನೆಯ ವಾರ ರೂಪಶ್ರೀಗೆ ಮಾತು ತೊದಲತೊಡಗಿತು. ಮಗಳ ಹೆಸರನ್ನು ಒಮ್ಮೆ ಮರೆತಳು. ಅವಳನ್ನು ಬೆಂಗಳೂರಿಗೆ ಸೇರಿಸಿದೆವು. ಡಾಕ್ಟರು ಕೊಟ್ರೇಶನನ್ನು ಹತ್ತು ವಾರ ಮುಗಿಯುವ ಮುನ್ನವೇ ಬರಹೇಳಿದರು. ಅವನು ಬಂದಾಗ ನಾನು ಗುರುತು ಹಿಡಿಯಲು ಎರಡು ಸಲ ನೋಡಬೇಕಾಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ರಶ್ಮಿತಾಳ ಪಿನ್ನು ಹಾಕಿಕೊಂಡಿದ್ದ. ತೂಕ ಎಪ್ಪತ್ತೆರಡು.

ಸ್ಕ್ಯಾನಿಗೆ ಒಳಗೆ ಕರೆದರು. ಹೊರಗೆ ಬಂದ ಮೇಲೆ ರಿಪೋರ್ಟಿಗೆ ಮೂರು ತಾಸು. ಆ ಮೂರು ತಾಸು ಅವನು ಆಸ್ಪತ್ರೆಯ ಮೆಟ್ಟಿಲುಗಳನ್ನು ಹತ್ತಿ ಇಳಿದ. ಕೂರಪ್ಪಾ ಎಂದೆ, ಕೇಳಿಸಲಿಲ್ಲ. ಕಾವಲುಗಾರ ಎರಡು ಸಲ ತಡೆದು, ಮೂರನೆಯ ಸಲ ಸುಮ್ಮನಾದ. ಒಂದು ಸುತ್ತಿಗೆ ನಾನೂ ಅವನ ಜೊತೆ ಹತ್ತಿದೆ. ಅವನು ನನ್ನ ಮುಖ ನೋಡಲಿಲ್ಲ. ನಾನೂ ಏನೋ ಹೇಳಬೇಕೆಂದು ಬಾಯಿ ತೆಗೆದೆ. ಮೂರನೆಯ ಮಹಡಿಯಲ್ಲಿ ಏದುಸಿರು ಬಂದು ಅಲ್ಲೇ ನಿಂತುಬಿಟ್ಟೆ, ಅವನು ಮುಂದೆ ಹೋದ.

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು.

"ಎಂಟು."

ಕೊಟ್ರೇಶನಿಗೆ ಅರ್ಥವಾಗಲಿಲ್ಲ. "ಅಂದ್ರೆ ತಗಬಹುದಾ ಸಾರ್?"

"ತಗೋಬಹುದು. ಇವತ್ತೇ ಅಡ್ಮಿಟ್ ಆಗಿ."

ಅವನು ಹೊರಗೆ ಬಂದು ಗೋಡೆಗೆ ಒರಗಿ, ಕುಕ್ಕುರುಗಾಲಿನಲ್ಲಿ ಕೂತ. ರಶ್ಮಿತಾ ಪಕ್ಕದಲ್ಲಿ ಕೂತಳು. ಎರಡು ದಿನ ಬಿಟ್ಟು ಇಬ್ಬರನ್ನೂ, ಅಕ್ಕನನ್ನು ಒಂದು ಕೋಣೆಗೆ, ತಮ್ಮನನ್ನು ಪಕ್ಕದ ಕೋಣೆಗೆ ಬೆಳಿಗ್ಗೆ ಆರಕ್ಕೆ ತಳ್ಳಿಕೊಂಡು ಹೋದರು. ಅವನು ಹೊರಗೆ ಬಂದದ್ದು ಮಧ್ಯಾಹ್ನ, ಅವಳು ಸಂಜೆ.

ಇದಾಗಿ ಹದಿನಾಲ್ಕು ತಿಂಗಳಾಯಿತು. ಕೊಟ್ರೇಶನ ಲಿವರು ಮತ್ತೆ ತುಂಬಿಕೊಂಡಿದೆಯಂತೆ. ಹೊಟ್ಟೆಯ ಮೇಲೆ ದೊಡ್ಡ ಗಾಯದ ಗೆರೆಯಿದೆ, ಎದ್ದು ಕೂರುವಾಗ ಒಂದು ಕಡೆ ಕೈ ಇಟ್ಟುಕೊಳ್ಳುತ್ತಾನೆ. ತೂಕ ಎಪ್ಪತ್ತೊಂದಕ್ಕೆ ನಿಂತಿದೆ. ಈಗಲೂ ಬೆಣ್ಣೆ ಕೊಳ್ಳುತ್ತಾನೆ, ಆದರೆ ನುಂಗುವುದಿಲ್ಲ; ಈಗಲೂ ಕೂತಲ್ಲಿ ಕೂರುವುದಿಲ್ಲ. ರೂಪಶ್ರೀ ಹರಿಹರದ ಮನೆಯಲ್ಲಿದ್ದಾಳೆ, ಮಾತ್ರೆ ಜೀವನಪೂರ್ತಿ ಇದೆ, ಮಗಳ ಹೋಂವರ್ಕ್ ನೋಡಿ ಬಯ್ಯುವಷ್ಟು ದನಿ ವಾಪಸು ಬಂದಿದೆ.

ಕೊಟ್ರೇಶನಿಗೆ ನಾನು ಎರಡು ಬಾಕಿ ಇದ್ದೇನೆ. ಒಂದು, ನನ್ನ ಹೆಂಡತಿಯ ಜೀವ. ಅದು ನನ್ನಿಂದ ತೀರುವಂಥದಲ್ಲ. ಇನ್ನೊಂದು, ಕದ್ದು ತಿನ್ನುತ್ತೀಯ ಎಂದ ಮಾತಿಗೆ ಕ್ಷಮೆ. ಅದನ್ನು ನಾನು ಇನ್ನೂ ಕೇಳಿಲ್ಲ.